ಬೋಣಿಗೆ ಆಗದ ಕೈ

ಅಂಕೋಲೆಯ ಬೊಬ್ರುವಾಡದಲ್ಲಿ ನಾನೇ ನಿಂತು ಕಟ್ಟಿಸಿದ ಮನೆಯ ಜಗಲಿಯ ಮೇಲೆ ಬೆಳಗಿನ ಒಂಬತ್ತೂವರೆಯಿಂದ ಹತ್ತೂವರೆಯವರೆಗೆ ಕುಳಿತುಕೊಳ್ಳುವ ಹಕ್ಕು ನನಗೆ ಆರು ವರ್ಷಗಳ ಕಾಲ ಇರಲಿಲ್ಲ. ಆ ಒಂದು ಗಂಟೆ ನಾನು ಪತ್ರಿಕೆ ಮಡಚಿಕೊಂಡು ಹಿತ್ತಿಲಿಗೆ ಹೋಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರಬೇಕಿತ್ತು. ಇದು ಕೋರ್ಟು ಕೊಟ್ಟ ತೀರ್ಪಲ್ಲ, ಡಾಕ್ಟರು ಹೇಳಿದ ಪಥ್ಯವೂ ಅಲ್ಲ. ಪಕ್ಕದ ಕಡಲದಂಡೆಯ ಕೇಣಿಯಿಂದ ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದ ಮೀನು ಮಾರುವ ಹೆಂಗಸೊಬ್ಬಳು ಹೊರಡಿಸಿದ ಹುಕುಂ. ಕಾರವಾರದ ಸರಕಾರಿ ಕಚೇರಿಯಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ಹೊರಬಿದ್ದವನು ನಾನು. ಎಷ್ಟೋ ಜನರ ಅರ್ಜಿಗಳ ಮೇಲೆ ‘ತಿರಸ್ಕರಿಸಿದೆ’ ಎಂದು ಷರಾ ಬರೆಸಿದವನು. ಅಂಥವನು ಈ ಹುಕುಮಿನ ಮೇಲೆ ಒಂದು ಮೇಲ್ಮನವಿ ಹಾಕುವುದಕ್ಕೂ ದಾರಿಯಿಲ್ಲದೆ ಕಲ್ಲಿನ ಮೇಲೆ ಕೂತೆ.

ಈ ಮಳೆಗಾಲದಲ್ಲಿ ಆಕೆ ತೀರಿಕೊಂಡಳು. ಆಕೆಯ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಹೆಂಡತಿ ಆಕೆಯನ್ನು ‘ತಂಗಿ’ ಎನ್ನುತ್ತಿದ್ದಳು, ಆಕೆ ನನ್ನ ಹೆಂಡತಿಯನ್ನು ‘ಅಕ್ಕ’ ಎನ್ನುತ್ತಿದ್ದಳು. ನಾನು ಒಮ್ಮೆ ಹೆಸರು ಕೇಳಿದೆ.

“ನನ್ ಹೆಸ್ರು ನಿಮ್ಗೆ ಎಂತಕ್ಕೆ ಸಾಯ್ಬ್ರೆ? ಎಲ್ಲಾದ್ರೂ ಬರ್ದು ಇಟ್ಕೊಳ್ಳೂಕಾ?” ಎಂದು ಎಲೆಯಡಿಕೆ ಬಾಯಿಗೆ ಹಾಕಿಕೊಂಡಳು. ಮತ್ತೆ ಕೇಳುವ ಧೈರ್ಯ ನನಗಾಗಲಿಲ್ಲ.

ಮೂವತ್ತು ವರ್ಷ ನಾನು ಆಕೆ ತಂದ ಮೀನು ತಿಂದಿದ್ದೇನೆ, ಆದರೆ ನಿವೃತ್ತನಾಗುವವರೆಗೆ ಆಕೆಯ ಮುಖವನ್ನು ಸರಿಯಾಗಿ ನೋಡಿರಲಿಲ್ಲ. ನಾನು ಬೆಳಗ್ಗೆ ಎಂಟರ ಬಸ್ಸಿಗೆ ಕಾರವಾರಕ್ಕೆ ಹೊರಟರೆ ಮನೆ ಸೇರುವಾಗ ದೀಪ ಹೊತ್ತಿರುತ್ತಿತ್ತು. ಆಕೆ ಬರುವುದು ಒಂಬತ್ತೂವರೆಗೆ. ಹೀಗಾಗಿ ನನ್ನ ಮಟ್ಟಿಗೆ ಮೀನು ಎಂಬುದು ರಾತ್ರಿ ತಟ್ಟೆಯಲ್ಲಿ ತಾನಾಗಿಯೇ ಪ್ರತ್ಯಕ್ಷವಾಗುವ ಪದಾರ್ಥವಾಗಿತ್ತು. ಭಾನುವಾರ ನಾನು ಮನೆಯಲ್ಲಿರುವುದು ಗೊತ್ತಿದ್ದರಿಂದ ಆಕೆ ಆವತ್ತು ಅಂಗಳದಿಂದಲೇ ಮೀನು ಕೊಟ್ಟು ಹೋಗುತ್ತಿದ್ದಳಂತೆ. ಇದೆಲ್ಲ ನನಗೆ ಆಮೇಲೆ ತಿಳಿಯಿತು.

ನಿವೃತ್ತಿಯಾದ ಮೊದಲ ಸೋಮವಾರ ನಾನು ಬಹಳ ಆಸೆಯಿಂದ ಜಗಲಿಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದೆ. ಕಾಲು ಚಾಚಿಕೊಂಡು ಪತ್ರಿಕೆ ಓದಬೇಕು, ಎಂಟರ ಬಸ್ಸು ಹಾರ್ನ್ ಹೊಡೆದುಕೊಂಡು ಹೋಗುವುದನ್ನು ಕೇಳಿಸಿಕೊಂಡು ನಗಬೇಕು ಎಂಬುದು ನನ್ನ ಬಹುದಿನದ ಯೋಜನೆ. ಒಂಬತ್ತೂವರೆಗೆ ಗೇಟು ಕಿರ್ರೆಂದಿತು. ಕಪ್ಪಗೆ, ಗಟ್ಟಿಮುಟ್ಟಾದ ಹೆಂಗಸು. ಸೀರೆಯನ್ನು ಎತ್ತಿ ಕಚ್ಚೆ ಹಾಕಿ ಉಟ್ಟಿದ್ದಳು, ತುರುಬಿನಲ್ಲಿ ಅಬ್ಬಲಿಗೆ. ಬುಟ್ಟಿಯನ್ನು ತಾನೇ ಇಳಿಸಿ ಮೆಟ್ಟಿಲ ಮೇಲಿಟ್ಟಳು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ನನಗಲ್ಲ, ಒಳಗಿದ್ದ ನನ್ನ ಹೆಂಡತಿಗೆ ಕೇಳುವಂತೆ, ಇವರಿಗೆ ಇವತ್ತು ಮೈ ಸರಿ ಇಲ್ಲವೇ ಎಂದು ವಿಚಾರಿಸಿದಳು. ನಿವೃತ್ತಿಯಾಗಿದೆ, ಇನ್ನು ಮನೆಯಲ್ಲೇ ಇರುತ್ತಾರೆ ಎಂದು ಹೆಂಡತಿ ಹೇಳಿದಳು. ಆಕೆ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, “ಅಯ್ಯೋ ದೇವ್ರೇ, ದಿನಾನೂವಾ?” ಎಂದಳು.

ಆ ಒಂದು ವಾರದಲ್ಲಿ ನನಗೆ ಗೊತ್ತಾದದ್ದು, ನಮ್ಮ ಮನೆಯ ಸಕಲ ವಿದ್ಯಮಾನವೂ ಕೇಣಿಗೆ ಗೊತ್ತಿದೆ ಎಂಬುದು. ನನ್ನ ಗೊರಕೆ, ನನ್ನ ಮೂಲವ್ಯಾಧಿ, ಬಡ್ತಿ ತಪ್ಪಿದ ವರ್ಷ ನಾನು ಮೂರು ದಿನ ಯಾರ ಹತ್ತಿರವೂ ಮಾತಾಡದೆ ಇದ್ದದ್ದು, ಎಲ್ಲವೂ. ನಾನು ಬಂಗಡೆ ಬೇಕು ಎಂದರೆ ಆಕೆ ನನ್ನ ಹೆಂಡತಿಯ ಮುಖ ನೋಡಿ, ನಿನ್ನೆಯಷ್ಟೇ ಇವರ ಹೊಟ್ಟೆ ಕೆಟ್ಟಿತ್ತು ಎಂದಿರಲ್ಲ, ಬಂಗಡೆ ಬೇಡ ಎಂದು ಮೆತ್ತಗಿನ ನೊಗ್ಲಿ ಮೀನು ತೆಗೆದಿಡುತ್ತಿದ್ದಳು. ಹೊಟ್ಟೆ ನನ್ನದು, ಹಲ್ಲು ನನ್ನದು, ಪದಾರ್ಥ ಏನಾಗಬೇಕು ಎಂದು ಗೊತ್ತುಮಾಡುವವಳು ಮಾತ್ರ ಆಕೆ. ಮಳೆಗಾಲದಲ್ಲಿ ದೋಣಿ ಇಳಿಯದೆ ಮೀನಿಲ್ಲದಾಗಲೂ ಕೊಡೆ ಹಿಡಿದುಕೊಂಡು ಬರಿಗೈಯಲ್ಲಿ ಬರುತ್ತಿದ್ದಳು. ಮೀನಿಲ್ಲದೆ ಬಂದದ್ದೇಕೆ ಎಂದು ನಾನು ಕೇಳಿದರೆ, “ಸಮುದ್ರಕ್ಕೆ ರಜೆ ಸಾಯ್ಬ್ರೆ, ನಂಗಲ್ಲ” ಎನ್ನುತ್ತಿದ್ದಳು.

ಇನ್ನು ಬೋಣಿಯ ಪ್ರಕರಣ. ನಮ್ಮ ಕಡೆ ಮೀನಿನವರಿಗೆ ದಿನದ ಮೊದಲ ವ್ಯಾಪಾರ ಬಹಳ ದೊಡ್ಡದು. ಒಳ್ಳೆಯ ಕೈಯಿಂದ ಬೋಣಿಯಾದರೆ ಬುಟ್ಟಿ ಬೇಗ ಖಾಲಿ ಎಂದು ನಂಬಿಕೆ. ಆಕೆ ಕೇಣಿಯಿಂದ ಬರುವ ದಾರಿಯಲ್ಲಿ ಯಾರು ಕೂಗಿದರೂ ಬುಟ್ಟಿ ಇಳಿಸದೆ ನೇರವಾಗಿ ನಮ್ಮ ಮನೆಗೇ ಬರುತ್ತಿದ್ದುದು ನನ್ನ ಹೆಂಡತಿಯ ಕೈ ಬೋಣಿಗೆ ಆಗುತ್ತದೆ ಎಂಬ ಕಾರಣಕ್ಕೆ. ಹೆಂಡತಿ ಕೊಟ್ಟ ದುಡ್ಡನ್ನು ಎರಡು ಕಣ್ಣಿಗೂ ಒತ್ತಿಕೊಂಡು, ಬುಟ್ಟಿಯ ಅಂಚಿಗೆ ಮುಟ್ಟಿಸಿ, ಸೊಂಟಕ್ಕೆ ಸಿಕ್ಕಿಸಿಕೊಂಡ ಮೇಲೆಯೇ ಆಕೆ ಚಹಾ ಮುಟ್ಟುವುದು.

ನಾನು ನಿವೃತ್ತನಾಗಿ ತಿಂಗಳಾಗಿತ್ತು. ಒಂದು ದಿನ ಆಕೆ ಬಂದಾಗ ಹೆಂಡತಿ ಸ್ನಾನಕ್ಕೆ ಹೋಗಿದ್ದಳು. ಆಕೆಯನ್ನು ಕಾಯಿಸುವುದೇಕೆಂದು ನಾನೇ ಬಂಗಡೆ ಆರಿಸಿ ಬೋಣಿ ಮಾಡಿದೆ. ಆಕೆ ದುಡ್ಡು ತಗೊಳ್ಳಲೋ ಬೇಡವೋ ಎಂದು ಸ್ವಲ್ಪ ಹಿಂದೆ ಮುಂದೆ ನೋಡಿ, ತೆಗೆದುಕೊಂಡು ಹೋದಳು.

ಮರುದಿನ ಬಂದವಳು ಮೆಟ್ಟಿಲ ಮೇಲೆ ಬುಟ್ಟಿ ಇಡದೆ ತಲೆಯ ಮೇಲಿಟ್ಟುಕೊಂಡೇ ನಿಂತಳು. ನಿನ್ನೆ ವ್ಯಾಪಾರವೇ ಆಗಲಿಲ್ಲವಂತೆ. ಇಡೀ ಅಂಕೋಲೆ ಸುತ್ತಿದರೂ ಒಬ್ಬರೂ ಕೂಗಲಿಲ್ಲವಂತೆ. ಅರ್ಧ ಬುಟ್ಟಿ ವಾಪಸು ಕೇಣಿಗೆ ಹೋಗಿ ಉಪ್ಪು ಕಂಡಿತಂತೆ. ಇದನ್ನೆಲ್ಲ ನನ್ನ ಹೆಂಡತಿಗೆ ಹೇಳಿ ಮುಗಿಸಿ ಕೊನೆಗೆ ನನ್ನ ಕಡೆ ತಿರುಗಿದಳು.

“ಸಿಟ್ಟು ಮಾಡ್ಕಣಬೇಡಿ ಸಾಯ್ಬ್ರೆ. ನಿಮ್ ಕೈ ಬೋಣಿಗೆ ಆಗೂದಿಲ್ಲ. ನಾ ಬರೂ ಹೊತ್ತಿಗೆ ನೀವು ಎದ್ರಿಗೆ ಇರೂದೂ ಬೇಡ.”

ನಾನು ನಕ್ಕೆ. ಹೆಂಡತಿ ನಗಲಿಲ್ಲ. ಪಾಪ, ಅವಳ ಹೊಟ್ಟೆಯ ಮೇಲೆ ಹೊಡೆಯುವುದು ಬೇಡ, ಒಂದು ಗಂಟೆ ಹಿತ್ತಿಲಲ್ಲಿ ಕೂತರೆ ನಿಮ್ಮ ಗಂಟೇನು ಹೋಗುತ್ತದೆ ಎಂದಳು. ಮೂಢನಂಬಿಕೆಯ ಬಗ್ಗೆ ನಾನು ಸಣ್ಣದೊಂದು ಭಾಷಣ ಮಾಡಿದೆ. ಹತ್ತು ದಿನ ಬಿಟ್ಟು ಆಕೆ ಬಾಳೆಲೆಯಲ್ಲಿ ಸುತ್ತಿದ ಒಣಬಂಗಡೆ ತಂದು ನನ್ನ ಮುಂದಿಟ್ಟು, ಇದು ನಿಮ್ಮ ಬೋಣಿಯ ಬಂಗಡೆ, ಕೊಳ್ಳುವವರಿಲ್ಲದೆ ಒಣಗಿಸಿದ್ದು, ನೀವೇ ತಿನ್ನಿ ಎಂದಳು. ಮಧ್ಯಾಹ್ನ ಹೆಂಡತಿ ಅದನ್ನು ಸುಟ್ಟು ಬಡಿಸಿದಳು. ತಲೆ ಎತ್ತದೆ ತಿಂದು ಮುಗಿಸಿದೆ. ಮರುದಿನ ನಾನಾಗಿಯೇ ಪತ್ರಿಕೆ ಎತ್ತಿಕೊಂಡು ಹಿತ್ತಿಲಿಗೆ ಹೋದೆ.

ಒಗೆಯುವ ಕಲ್ಲಿನ ಮೇಲೆ ಕೂತವನಿಗೆ ಜಗಲಿಯ ಮಾತು ಕೇಳಿಸುವುದಿಲ್ಲ, ನಗು ಮಾತ್ರ ಕೇಳಿಸುತ್ತದೆ. ಮನೆಯಲ್ಲಿ ನನ್ನ ಜೊತೆ ನಾಲ್ಕು ಮಾತಿಗೆ ಸುಸ್ತಾಗುವ ನನ್ನ ಹೆಂಡತಿ ಅಲ್ಲಿ ಆ ಗಂಟೆಯುದ್ದಕ್ಕೂ ನಗುತ್ತಿದ್ದಳು. ಏನು ಅಷ್ಟೊಂದು ನಗು ಎಂದು ಕೇಳಿದರೆ ಏನಿಲ್ಲ ಎನ್ನುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಹೀಗೆ ನಾಲ್ಕು ವರ್ಷ ಕಳೆದ ಮೇಲೆ ನಾನು ಬಂಡೆದ್ದೆ. ಕಾರಣ ಇಸ್ವಾಣ. ಒಂದು ಒಳ್ಳೆಯ ಇಸ್ವಾಣದ ತುಂಡು ಹುರಿದು ತಿನ್ನಬೇಕು ಎಂದು ಹೆಂಡತಿಯ ಮೂಲಕ ಹೇಳಿ ಕಳಿಸಿದರೆ ಆಕೆ ನಾಲ್ಕು ದಿನ ಸಾಲಾಗಿ ಅಗ್ಗದ ತಾರ್ಲೆ ಹಾಕಿ ಹೋದಳು. ಇಸ್ವಾಣ ಅಷ್ಟು ಚೆನ್ನಾಗಿಲ್ಲ, ಮನೆಯಲ್ಲೇ ಕೂತಿರುವವರಿಗೆ ತಾರ್ಲೆ ಸಾಕು ಎಂದಳಂತೆ. ಐದನೆಯ ದಿನ ನಾನು ಯಾರಿಗೂ ಹೇಳದೆ ಮೊದಲ ಬಸ್ಸು ಹತ್ತಿ ಕಾರವಾರಕ್ಕೆ ಹೋದೆ. ನಿವೃತ್ತನಾದ ಮೇಲೆ ಪ್ರವಾಸ ಮಾಡಬೇಕು ಎಂದು ಎಲ್ಲರೂ ಹೇಳುತ್ತಿದ್ದರು. ನಾನು ಮಾಡಿದ ದೊಡ್ಡ ಪ್ರವಾಸ ಅದೇ.

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ನನ್ನ ಇಸ್ತ್ರಿ ಮಾಡಿದ ಅಂಗಿ ನೋಡಿದ ಕೂಡಲೇ ಮಾರುವವಳೊಬ್ಬಳು, ಕೈಗಾದವರೋ ಎಂದು ಕೇಳಿದಳು. ಮಾತಿನಲ್ಲಿ ಗೌರವವಿತ್ತು. ಕೈಗಾ ಅಣುಸ್ಥಾವರದ ಬಸ್ಸಿನಲ್ಲಿ ಬಂದಿಳಿಯುವ ಹೊರ ಊರಿನ ಎಂಜಿನಿಯರುಗಳಿಗೆ ಮೀನಿನ ಗುರುತು ಅಷ್ಟಕ್ಕಷ್ಟೇ ಎಂದು ಅಲ್ಲಿಯವರಿಗೆಲ್ಲ ಗೊತ್ತು. ನನಗೂ ಗೊತ್ತಿತ್ತು. ಆದರೂ ನಾಲ್ಕು ವರ್ಷದಿಂದ ಒಗೆಯುವ ಕಲ್ಲಿನ ಮೇಲೆ ಕೂತವನಿಗೆ ಎಂಜಿನಿಯರ್ ಅನ್ನಿಸಿಕೊಳ್ಳುವುದು ಹಿತವಾಗಿಯೇ ಇತ್ತು. ಹೌದು ಎಂದುಬಿಟ್ಟೆ. ಆಕೆ ಬುಟ್ಟಿಯ ತಳದಿಂದ ತೆಗೆದುಕೊಟ್ಟ ಇಸ್ವಾಣವನ್ನು ಕೈಚೀಲಕ್ಕೆ ಹಾಕಿಕೊಂಡು, ಒಂಬತ್ತರೊಳಗೆ ಮನೆ ಸೇರುವ ಲೆಕ್ಕದಲ್ಲಿ ಹುಬ್ಬಳ್ಳಿ ಬಸ್ಸು ಹತ್ತಿದೆ.

ಮೂವತ್ತು ವರ್ಷ ಅದೇ ಹೆದ್ದಾರಿಯಲ್ಲಿ ನಿದ್ದೆ ಮಾಡಿಕೊಂಡೇ ಓಡಾಡಿದ್ದೇನೆ. ಅಂಕೋಲೆ ಬಂತು ಅಂದರೆ ಕಂಡಕ್ಟರು ಭುಜ ಮುಟ್ಟಿ ಎಬ್ಬಿಸುತ್ತಿದ್ದರು. ಆ ಕಂಡಕ್ಟರುಗಳೂ ಈಗ ನಿವೃತ್ತರಾಗಿದ್ದಾರೆ ಎಂಬುದು ನನಗೆ ಹೊಳೆದಿರಲಿಲ್ಲ. ಕಣ್ಣು ಬಿಟ್ಟಾಗ ಬಸ್ಸು ಅಂಕೋಲೆ ದಾಟಿ ಬಾಳೆಗುಳಿಯಲ್ಲಿ ಹುಬ್ಬಳ್ಳಿಯ ಕಡೆಗೆ ತಿರುಗುತ್ತಿತ್ತು. ಕೂಗಿಕೊಂಡು ಇಳಿದೆ. ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಕಾದ ಮೇಲೆ ಒಂದು ಟೆಂಪೋ ಸಿಕ್ಕಿತು. ನನ್ನ ಚೀಲದಿಂದ ತೊಟ್ಟಿಕ್ಕುವ ನೀರನ್ನು ನೋಡಿ ಪಕ್ಕದವರು ತಮ್ಮ ಪಂಚೆ ಎತ್ತಿಕೊಂಡು ಸರಿದು ಕೂತರು. ಮನೆಗೆ ಬಂದಾಗ ಹತ್ತೂಕಾಲು. ಜಗಲಿಯ ಮೇಲೆ ಇಬ್ಬರೂ ಇದ್ದರು.

ಆಕೆ ಚಹಾ ಲೋಟ ಕೆಳಗಿಟ್ಟು ಎದ್ದು ಬಂದು ಚೀಲವನ್ನು ನನ್ನ ಕೈಯಿಂದ ತೆಗೆದುಕೊಂಡಳು. ಮೀನಿನ ಕಿವಿರು ಎತ್ತಿ ನೋಡಿದಳು. ಹೆಬ್ಬೆರಳಿನಿಂದ ಬೆನ್ನು ಒತ್ತಿದಳು. ಒತ್ತಿದ ಗುಂಡಿ ಹಾಗೆಯೇ ಉಳಿಯಿತು.

“ಇದು ನಿಮ್ಗಿಂತ ಮುಂಚೆ ರಿಟಾಯರ್ ಆದ ಮೀನು ಸಾಯ್ಬ್ರೆ,” ಎಂದಳು.

ಹೆಂಡತಿ ನಗುತ್ತಾಳೆ ಎಂದುಕೊಂಡೆ. ಅವಳು ತಲೆ ತಗ್ಗಿಸಿಕೊಂಡಿದ್ದಳು. ಒಂದು ಮನೆ ಒಬ್ಬಳು ಮೀನಿನವಳದು ಎಂದಾದ ಮೇಲೆ ಆ ಮನೆಯವರು ಇನ್ನೊಬ್ಬಳ ಬುಟ್ಟಿಗೆ ಕೈ ಹಾಕುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಅದೂ ಊರು ಬಿಟ್ಟು ಊರಿಗೆ ಹೋಗಿ ತಂದು ಅವಳ ಎದುರಿಗೇ ಹಿಡಿಯುವುದು. ಆಕೆ ತಲೆಯ ಮೇಲಿನ ಸಿಂಬಿ ಸರಿಮಾಡಿ ಬುಟ್ಟಿ ಎತ್ತಿಕೊಂಡು ಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ.

ಒಂದು ವಾರ ನಾನು ಜಗಲಿಯ ಮೇಲೆ ರಾಜನ ಹಾಗೆ ಕೂತೆ. ಪತ್ರಿಕೆಯನ್ನು ಎರಡೆರಡು ಸಲ ಓದಿದೆ. ಹೆಂಡತಿ ಒಳಗೆ ಪಾತ್ರೆ ಇಡುವ ಸದ್ದು ದಿನದಿಂದ ದಿನಕ್ಕೆ ಜೋರಾಯಿತು. ಊಟಕ್ಕೆ ಬರೀ ಬೇಳೆಯ ದಾಳಿತೋವೆ, ದಾಳಿತೋವೆ, ಮತ್ತೆ ದಾಳಿತೋವೆ. ಎಂಟನೆಯ ದಿನ ನನಗೆ ತಡೆಯಲಿಲ್ಲ. ಒಬ್ಬಳು ಮೀನಿನವಳಿಗಾಗಿ ಇಷ್ಟು ಹಟವೇ, ಊರಲ್ಲಿ ಬೇರೆ ಮೀನಿನವರು ಇಲ್ಲವೇ ಎಂದು ರೇಗಿದೆ.

ಹೆಂಡತಿ ಸೌಟು ಕೆಳಗಿಟ್ಟಳು. ಮದುವೆಯಾದ ಎರಡನೆಯ ವರ್ಷ, ಮೊದಲ ಬಸುರು ನಾಲ್ಕನೇ ತಿಂಗಳಲ್ಲಿ ಹೋಯಿತಲ್ಲ, ಆವತ್ತು ತನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದವರು ಯಾರು ಎಂದು ಗೊತ್ತೇ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಅಕ್ಕಪಕ್ಕದವರು ಯಾರೋ ಎಂದು ತಿಳಿದಿದ್ದೆ. ಬೆಳಗ್ಗೆ ಹತ್ತರ ಸುಮಾರಿಗೆ ಜಗಲಿಯ ಮೇಲೆ ಕುಸಿದು ಕೂತವಳನ್ನು ನೋಡಿ ಆಕೆ ತುಂಬಿದ ಬುಟ್ಟಿಯನ್ನು ಅಂಗಳದಲ್ಲೇ ಬಿಟ್ಟು, ರಸ್ತೆಗೆ ಓಡಿ ಮಾವಿನಕಾಯಿ ತುಂಬಿದ ಎತ್ತಿನಗಾಡಿಯೊಂದನ್ನು ಅಡ್ಡಗಟ್ಟಿ ನಿಲ್ಲಿಸಿದಳಂತೆ. ಸಂಜೆಯವರೆಗೂ ಆಸ್ಪತ್ರೆಯಲ್ಲಿ ಕೈ ಹಿಡಿದುಕೊಂಡು ಕೂತಿದ್ದು, ಮನೆಗೆ ತಂದು ಮಲಗಿಸಿ, ಗಂಜಿ ಮಾಡಿಟ್ಟು ಹೋದಳಂತೆ. ಆಗ ಆಕೆಗೂ ಹೆಚ್ಚು ವಯಸ್ಸಾಗಿರಲಿಲ್ಲ.

“ಇಷ್ಟು ವರ್ಷ ಯಾಕೆ ಹೇಳಲಿಲ್ಲ?” ಎಂದೆ.

“ನೀವು ಕೇಳ್ಲಿಲ್ಲ. ನೀವು ರಾತ್ರಿ ಬಂದು, ಕಾಲು ತೊಳ್ಕೊಂಡು, ಇವತ್ತು ಮೀನಿಲ್ವಾ ಅಂತ ಕೇಳಿದ್ರಿ.”

ಕೇಳಿದ್ದೆ. ಕೇಳಿದ್ದು ನನಗೆ ನೆನಪಿದೆ. ಹೆಂಡತಿ ಮಲಗಿದ್ದು ಕತ್ತಲಲ್ಲಿ ಕಂಡಿರಲಿಲ್ಲ ಎಂದು ಈಗ ಯಾರಿಗೆ ಹೇಳುವುದು. ಆಮೇಲೆ ಮಗಳು ಹುಟ್ಟಿದಳು, ಮದುವೆಯಾಗಿ ಕುಮಟೆಗೆ ಹೋದಳು, ಆ ಹಳೆಯ ದಿನದ ಮಾತು ನಮ್ಮ ನಡುವೆ ಬರಲೇ ಇಲ್ಲ. ನನಗೆ ಬಹಳ ನಾಚಿಕೆಯಾಯಿತು. ಅರವತ್ತು ದಾಟಿದ ಮೇಲೆ ಆಗುವ ನಾಚಿಕೆಗೆ ಹೋಗಲು ಜಾಗವಿರುವುದಿಲ್ಲ.

ಆವತ್ತೇ ಸಂಜೆ ಕೇಣಿಗೆ ಹೋದೆ. ದಡದಲ್ಲಿ ಮೀನು ಒಣಹಾಕುತ್ತಿದ್ದ ಹೆಂಗಸರು ನನ್ನನ್ನು ನೋಡಿ ಒಬ್ಬರಿಗೊಬ್ಬರು ಏನೋ ಹೇಳಿಕೊಂಡು ಮುಸಿಮುಸಿ ನಕ್ಕರು. ದಾರಿ ಕೇಳುವ ಮೊದಲೇ ಒಬ್ಬಳು ಮನೆ ತೋರಿಸಿದಳು. ಆಕೆ ಹೊಸ್ತಿಲ ಮೇಲೆ ಕಾಲು ಚಾಚಿಕೊಂಡು ಕೂತಿದ್ದಳು. ಪಾದ ಊದಿಕೊಂಡು ಕುಂಬಳಕಾಯಿಯಾಗಿತ್ತು. ನಮ್ಮ ಮನೆಯಿಂದ ಹೋದ ದಿನವೇ ಟೆಂಪೋದಿಂದ ಇಳಿಯುವಾಗ ಕಾಲು ಹೊರಳಿತಂತೆ. ಸಿಟ್ಟಾಗಿ ಬರಲಿಲ್ಲವೆಂದುಕೊಂಡೆ ಎಂದು ನಾನು ಹೇಳಿದರೆ, ಸಿಟ್ಟು ಮಾಡಿಕೊಳ್ಳುವಷ್ಟು ದೊಡ್ಡ ಮನುಷ್ಯರೇ ನೀವು ಎಂಬ ಹಾಗೆ ನೋಡಿದಳು.

ದಾರಿಯುದ್ದಕ್ಕೂ ನಾನೊಂದು ವಾಕ್ಯ ಸಿದ್ಧಮಾಡಿಕೊಂಡಿದ್ದೆ. ಕಚೇರಿಯಲ್ಲಿ ಎಂಥೆಂಥ ಪತ್ರಗಳ ಕರಡು ಬರೆದವನು. ಆಕೆಯ ಮುಂದೆ ನಿಂತಾಗ ಆ ವಾಕ್ಯ ಮರೆತುಹೋಯಿತು. “ಆ ದಿನ, ಮಗು ಹೋದ ದಿನ, ನೀವು...” ಎಂದಷ್ಟೇ ಹೇಳಿದೆ. ಆಕೆಗೆ ನಾನು ‘ನೀವು’ ಎಂದದ್ದು ಅದೇ ಮೊದಲು.

ಆಕೆ ಊದಿದ ಪಾದವನ್ನು ಸೆರಗಿನಿಂದ ಮುಚ್ಚಿಕೊಂಡಳು. “ಆ ದಿವ್ಸ ಬುಟ್ಟಿಲಿ ಬರೀ ಚಿಲ್ರೆ ಶೆಟ್ಲಿ ಇತ್ತು ಸಾಯ್ಬ್ರೆ. ನಿಮ್ಮ ಕೇರಿ ಬೆಕ್ಕಿಗೆಲ್ಲ ಹಬ್ಬ,” ಎಂದಳು. ಆಮೇಲೆ ಅಕ್ಕ ಊಟ ಸರಿಯಾಗಿ ಮಾಡುತ್ತಾಳೋ ಇಲ್ಲವೋ ಎಂದು ಕೇಳಿದಳು.

ಹದಿನೈದು ದಿನದಲ್ಲಿ ಮತ್ತೆ ಬಂದಳು. ನಾನು ಗೇಟಿನ ಸದ್ದು ಕೇಳಿದ ಕೂಡಲೇ ಹಿತ್ತಿಲಿಗೆ ಹೋದೆ. ಆದರೆ ಕಾಲು ಮೊದಲಿನಂತಾಗಲಿಲ್ಲ. ಬುಟ್ಟಿ ಸಣ್ಣದಾಯಿತು, ಕೊನೆಗೆ ಬುಟ್ಟಿಯೇ ಹೋಯಿತು. ಆಕೆಯ ಸೊಸೆ ಸಂಜೆಯ ಹೊತ್ತು ಮೀನು ತಂದು ಅಂಗಳದಿಂದಲೇ ಕೊಟ್ಟು ಹೋಗುತ್ತಿದ್ದಳು. ಆಕೆ ಮಾತ್ರ ಒಂಬತ್ತೂವರೆಗೆ ಸರಿಯಾಗಿ ಕೋಲೂರಿಕೊಂಡು ಬರುತ್ತಿದ್ದಳು. ಬುಟ್ಟಿಯಿಲ್ಲ, ವ್ಯಾಪಾರವಿಲ್ಲ, ಬೋಣಿಯಿಲ್ಲ. ಹಾಗಿದ್ದ ಮೇಲೆ ನಾನು ಒಗೆಯುವ ಕಲ್ಲಿನ ಮೇಲೆ ಕೂರುವುದೇಕೆ ಎಂದು ಹೆಂಡತಿಯನ್ನು ಕೇಳಿದೆ. ಅಭ್ಯಾಸವಾಗಿದೆಯಲ್ಲ, ಇರಲಿ ಬಿಡಿ ಎಂದಳು. ಬುಟ್ಟಿ ಹೊತ್ತು ಬೇರೆ ಮನೆಗಳಿಗೆ ಹೋಗುವ ಅವಸರವೂ ಇಲ್ಲದ್ದರಿಂದ ಆಕೆ ಮಧ್ಯಾಹ್ನದವರೆಗೂ ಕೂತಿರುತ್ತಿದ್ದಳು. ನನ್ನ ಬೆನ್ನಿನ ಮೇಲೆ ಬಿಸಿಲು ಬರುತ್ತಿತ್ತು.

ಈ ಮಳೆಗಾಲದಲ್ಲಿ ಆಕೆ ತೀರಿಕೊಂಡ ಮೇಲೆ ಸೊಸೆಯೂ ಬರಲಿಲ್ಲ. ನಮ್ಮ ಮನೆಯಲ್ಲಿ ಒಂದೂವರೆ ತಿಂಗಳು ಮೀನಿಲ್ಲ. ನಾನೂ ಕೇಳಲಿಲ್ಲ. ಆ ಪ್ರಶ್ನೆ ಕೇಳುವುದನ್ನು ನಾನು ಬಿಟ್ಟಿದ್ದೇನೆ.

ಮೊನ್ನೆ ಒಂಬತ್ತೂವರೆಗೆ ಗೇಟು ಕಿರ್ರೆಂದಿತು. ಸೊಸೆ, ತಲೆಯ ಮೇಲೆ ಅತ್ತೆಯದೇ ಬುಟ್ಟಿ. ನಾನು ಜಗಲಿಯಲ್ಲೇ ಇದ್ದೆ. ಗಡಬಡಿಸಿ ಎದ್ದು, ಬೋಣಿ ಆಗಿರಲಿಕ್ಕಿಲ್ಲ, ತಡಿ, ನಾನು ಹಿಂದೆ ಹೋಗುತ್ತೇನೆ, ಅಕ್ಕನನ್ನು ಕರೆಯುತ್ತೇನೆ ಎಂದೆ.

“ಬೇಡ ಸಾಯ್ಬ್ರೆ, ನೀವೇ ಬೋಣಿ ಮಾಡಿ,” ಎಂದಳು ಆ ಹುಡುಗಿ. “ಅತ್ತೆ ಹೇಳಿ ಹೋಗಾರೆ. ಸಾಯ್ಬ್ರ ಕೈ ಅಂದ್ರೆ ಕೈ. ಒಂದೇ ಸಲ ಬೋಣಿ ಮಾಡಿದ್ರಂತೆ, ಬುಟ್ಟಿ ಬಸ್‌ಸ್ಟ್ಯಾಂಡ್ ಮುಟ್ಟೂಕಿಂತ ಮುಂಚೆ ಖಾಲಿ ಆಗಿತ್ತಂತೆ.”

ನಾನು ತಿರುಗಿ ನೋಡಿದೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಒಗೆಯುವ ಕಲ್ಲಿನ ಆರು ವರ್ಷಗಳು, ಬೆನ್ನಿನ ಬಿಸಿಲು, ಮೂಢನಂಬಿಕೆಯ ಬಗ್ಗೆ ನಾನು ಮಾಡಿದ ಭಾಷಣ, ಎಲ್ಲ ಒಟ್ಟಿಗೆ ನೆನಪಾದವು. ಆದರೆ ಹೊರಟದ್ದು ಒಂದೇ ಪ್ರಶ್ನೆ.

“ಹಾಗಾದರೆ ಆ ಒಣಬಂಗಡೆ?”

“ಅದು ನಾನೇ ಪೇಟೆಯಿಂದ ತರಿಸಿ ಅವ್ಳ ಕೈಲಿ ಕೊಟ್ಟಿದ್ದು,” ಎಂದಳು ಹೆಂಡತಿ. ಹೇಳುತ್ತ ನಗುವುದಕ್ಕೆ ಹೋದಳು. ಕಣ್ಣು ತುಂಬಿ, ಸೆರಗು ಮುಖಕ್ಕೆ ಹಿಡಿದುಕೊಂಡಳು.

ನಾನು ಬಂಗಡೆ ಆರಿಸಿ ಬೋಣಿ ಮಾಡಿದೆ. ಹುಡುಗಿ ದುಡ್ಡನ್ನು ಎರಡು ಕಣ್ಣಿಗೂ ಒತ್ತಿಕೊಂಡು ಬುಟ್ಟಿಯ ಅಂಚಿಗೆ ಮುಟ್ಟಿಸಿದಳು. ಆಮೇಲೆ ನಾನು ಕುರ್ಚಿಯ ಮೇಲಿದ್ದ ಪತ್ರಿಕೆ ಎತ್ತಿಕೊಂಡೆ. ಒಳಗೆ ಹೋಗುವಾಗ, ಇವಳಿಗೊಂದು ಚಹಾ ಮಾಡಿಕೊಡು ಎಂದು ಹೆಂಡತಿಗೆ ಹೇಳಿ, ಹಿತ್ತಿಲ ಬಾಗಿಲು ತೆಗೆದೆ.